ಅದು ಸೈತಾನನ ಮ್ಯೂಸಿಕ್ ಅಲ್ವಾ ಅಂತ ಕೇಳೋರಿಗೆಲ್ಲ ಒಟ್ಟಿಗೇ ಉತ್ತರ

ಅಲ್ಲ.

ಹೆವಿ ಮೆಟಲ್ ಕೇಳ್ತೀನಿ ಅಂತ ನನಗೆ ಬರೋ ಈ ಪ್ರಶ್ನೆಯನ್ನ ಇಷ್ಟಕ್ಕೇ ಮುಗಿಸಬಹುದಿತ್ತು, ಆದ್ರೆ ಇಷ್ಟಕ್ಕೆ ಯಾರೂ ಬಿಡಲ್ಲ. ಅಲ್ಲ ಅಂದ ತಕ್ಷಣ ಎದುರಿಗಿರೋರ ಮುಖದಲ್ಲಿ ಒಂದು ಕನಿಕರ ಬರುತ್ತೆ ನೋಡಿ, ಪಾಪ ಒಳ್ಳೆ ಮನೆತನದ ಹುಡುಗಿ, ಬೆಂಗಳೂರಿಗೆ ಹೋಗಿ ಹೀಗಾಗಿದಾಳೆ ಅನ್ನೋ ಥರದ್ದು, ಅದನ್ನ ನೋಡಿ ನೋಡಿ ಸಾಕಾಗಿ ಇದನ್ನ ಬರೀತಿದೀನಿ. ಇನ್ಮೇಲೆ ಮದುವೆ ಊಟದ ಪಂಕ್ತಿಲಿ ಯಾರಾದ್ರೂ ಕೇಳಿದ್ರೆ ಲಿಂಕ್ ಕಳಿಸಿ ನನ್ನ ಪಾಡಿಗೆ ನಾನು ಊಟ ಮಾಡ್ತೀನಿ.

ಗೊತ್ತಿಲ್ಲದೋರಿಗೆ ಹೇಳ್ಬೇಕಂದ್ರೆ, ನಾನು ಹುಬ್ಬಳ್ಳಿ ಕಡೆಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕ್ರೈಸ್ತ ಮನೆಯೋಳು. ಭಾನುವಾರ ಆರಾಧನೆಗೆ ಹೋಗ್ತೀನಿ, ಕ್ವೈರಲ್ಲಿ ಆಲ್ಟೋ ಹಾಡ್ತೀನಿ, ಉಳಿದ ಹೊತ್ತಲ್ಲಿ ಕಿವೀಲಿ ಹೆವಿ ಮೆಟಲ್ ಇರುತ್ತೆ, ಅದ್ರಲ್ಲೂ ಜಾಸ್ತಿ ಕ್ರಿಶ್ಚಿಯನ್ ಮೆಟಲ್. ಅಂದ್ರೆ ಡಿಸ್ಟಾರ್ಶನ್ ಗಿಟಾರು, ಡಬಲ್ ಬೇಸ್ ಡ್ರಮ್ಮು, ಕೆಲವು ಬ್ಯಾಂಡಲ್ಲಿ ಗಂಟಲು ಹರಿಯೋ ಹಂಗೆ ಗ್ರೌಲು, ಎಲ್ಲ ಅದೇ, ಆದ್ರೆ ಹಾಡಿರೋ ಮಾತು ಬೈಬಲ್ಲಿನದು. ಹೌದು, ಅಂಥದ್ದೊಂದಿದೆ. ಹೊಸದೂ ಅಲ್ಲ. ಷಿಕಾಗೋದ ರೆಸರೆಕ್ಷನ್ ಬ್ಯಾಂಡು 1978ರಲ್ಲೇ ಹಾರ್ಡ್ ರಾಕಲ್ಲಿ ಯೇಸುವಿನ ಬಗ್ಗೆ ಆಲ್ಬಮ್ ಮಾಡಿತ್ತು, ಆ ಬ್ಯಾಂಡಿನೋರು ಒಂದೇ ಕಮ್ಯೂನಲ್ಲಿ ದುಡ್ಡು ಕಾಸೆಲ್ಲ ಹಂಚ್ಕೊಂಡು ಬದುಕ್ತಿದ್ರು, ನಮ್ಮಲ್ಲಿ ಸಭೆಯ ಲೆಕ್ಕಪತ್ರ ಓದೋ ದಿನ ಆಗೋ ಜಗಳ ನೋಡಿದ್ರೆ ಅವರೇ ವಾಸಿ.

ಪ್ರಶ್ನೆಗಿಂತ ನನಗೆ ಮೈ ಉರಿಯೋದು ಆ ‘ಅಲ್ವಾ’. ಅದು ಸೈತಾನನ ಮ್ಯೂಸಿಕ್ಕಾ ಅಂತ ಕೇಳಲ್ಲ ಯಾರೂ, ಅಲ್ವಾ ಅಂತಾರೆ, ತೀರ್ಪು ಬರೆದು ಸಹಿ ಮಾಡಿ ತಂದಿರ್ತಾರೆ, ನಾವು ಹೆಬ್ಬೆಟ್ಟು ಒತ್ತಬೇಕು ಅಷ್ಟೆ. ಜೊತೆಗೆ ಪುರಾವೆ ಬೇರೆ. ಎರಡು ಪುರಾವೆ ಖಾಯಂ. ಮೊದಲನೇದು ಆ ಕೈ ಮುದ್ರೆ, ತೋರುಬೆರಳು ಕಿರುಬೆರಳು ಮೇಲೆತ್ತಿ ಕೊಂಬು ಮಾಡ್ತಾರಲ್ಲ, ಅದು ಸೈತಾನನ ಗುರುತಂತೆ. ಅದನ್ನ ಮೆಟಲ್ ವೇದಿಕೆ ಮೇಲೆ ಜನಪ್ರಿಯ ಮಾಡಿದ್ದು ರಾನಿ ಜೇಮ್ಸ್ ಡಿಯೋ, 1979ರಲ್ಲಿ ಬ್ಲ್ಯಾಕ್ ಸಬ್ಬತ್ ಬ್ಯಾಂಡಿಗೆ ಹಾಡುಗಾರನಾಗಿ ಸೇರಿದೋನು. ಅದನ್ನ ಎಲ್ಲಿ ಕಲಿತೆ ಅಂದ್ರೆ ಆತ ಹೇಳ್ತಿದ್ದಿದ್ದು ತನ್ನ ಇಟಾಲಿಯನ್ ಅಜ್ಜಿಯಿಂದ ಅಂತ. ಅಜ್ಜಿ ಅದನ್ನ ಮಾಡ್ತಿದ್ದಿದ್ದು ಕೆಟ್ಟ ಕಣ್ಣು ತಾಗದೇ ಇರ್ಲಿ ಅಂತ. ಅಂದ್ರೆ ದೃಷ್ಟಿ ತೆಗೆಯೋದು ಕಣ್ರೀ! ಬಾಣಂತಿ ಮನೇಲಿ ನಮ್ಮ ಮುದುಕೀರು ಉಪ್ಪು ಮೆಣಸಿನಕಾಯಿ ನಿವಾಳಿಸ್ತಾರಲ್ಲ ಅದೇ ಜಾತಿ ಕೆಲಸ. ಹಂಗಂತ ಚರ್ಚಿನ ಆಂಟಿಯರಿಗೆ ಹೇಳಿದ್ರೆ ದೃಷ್ಟಿ ತೆಗೆಯೋದೂ ತಪ್ಪು ಅಂತ ಇನ್ನೊಂದು ಪಾಠ ಶುರುವಾಗುತ್ತೆ, ಹೇಳದೇ ಇರೋದೇ ಕ್ಷೇಮ.

ಎರಡನೇದು ಸ್ವಲ್ಪ ಓದಿಕೊಂಡಿರೋರದ್ದು. ಮೆಟಲ್ಲಲ್ಲಿ ಒಂದು ಸ್ವರಗಳ ಜೋಡಿ ಬಳಸ್ತಾರೆ, ಅದನ್ನ ‘ಸಂಗೀತದೊಳಗಿನ ಸೈತಾನ’ ಅಂತ ಹಿಂದೆ ಚರ್ಚು ಬಹಿಷ್ಕಾರ ಹಾಕಿತ್ತು ಅಂತ ಒಂದು ವಾಟ್ಸಾಪ್ ಫಾರ್ವರ್ಡ್. ಹೆಸರು ನಿಜ, ಸುಮಾರು 300 ವರ್ಷದ ಹಿಂದಿನ ಸಂಗೀತಶಾಸ್ತ್ರದ ಪುಸ್ತಕಗಳಲ್ಲಿ ಆ ಹೆಸರಿದೆ, ಮೇಳದಲ್ಲಿ ಹಾಡೋಕೆ ಕಷ್ಟ ಅಂತ ಮೇಷ್ಟ್ರುಗಳು ಬೈತಿದ್ರು. ಆದ್ರೆ ಚರ್ಚು ಬಹಿಷ್ಕಾರ ಹಾಕಿತ್ತು ಅನ್ನೋದಕ್ಕೆ ದಾಖಲೆ ಇಲ್ಲ. ಇನ್ನು ಆ ಜೋಡಿ ಯಾವುದು? ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ಮಿನ ಮೊದಲ ಹಾಡು, 1970, ಅದರ ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರಿನ ತುಣುಕು, ನಮ್ಮ ಲೆಕ್ಕದಲ್ಲಿ ಹೇಳ್ಬೇಕಂದ್ರೆ ಸ, ಮೇಲಿನ ಸ, ಆಮೇಲೆ ಪ್ರತಿ ಮಧ್ಯಮ, ಅಂದ್ರೆ ಎತ್ತರದ ಮ. ಅಷ್ಟೆ. ಪ್ರತಿ ಮಧ್ಯಮ ಸೈತಾನಂದು ಅನ್ನೋದಾದ್ರೆ ಕಲ್ಯಾಣಿ ರಾಗ ಯಾರದ್ದು ಸ್ವಾಮಿ? ಕರ್ನಾಟಕ ಸಂಗೀತದ ಮೂಲ ರಾಗಗಳು ಅನ್ನೋ 72 ಮೇಳಕರ್ತದಲ್ಲಿ ಅರ್ಧಕ್ಕರ್ಧ, 36 ರಾಗ ನರಕಕ್ಕೆ ಕಳಿಸ್ತೀರಾ? ಧಾರವಾಡದಲ್ಲಿ ಯಮನ್, ಅಂದ್ರೆ ಹಿಂದೂಸ್ತಾನಿಯ ಕಲ್ಯಾಣಿ, ಕೇಳ್ತಾ ಬೆಳೆದಿರೋ ಜನ ಇಂಥಾ ಮಾತಾಡಿದ್ರೆ ನಗು ಬರುತ್ತೆ, ಕೋಪಾನೂ ಬರುತ್ತೆ.

ಪಕ್ಷಪಾತ ಬೇಡ, ನಮ್ಮ ಕಡೆಯೋರೂ ಸುಳ್ಳು ಹೇಳ್ತಾರೆ. ಕ್ರಿಶ್ಚಿಯನ್ ರಾಕ್ ಪರ ವಾದ ಮಾಡೋರು ಕಣ್ಣು ಮುಚ್ಕೊಂಡು ಹೇಳೋ ಮಾತು, ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಕೂಡ ಹೆಂಡದಂಗಡಿ ಹಾಡಿನ ಧಾಟಿ ತಗೊಂಡೇ ಭಕ್ತಿಗೀತೆ ಬರೆದ ಅಂತ. ಲೂಥರ್ ಜನಪದ ಧಾಟಿ ಒಂದೆರಡು ಕಡೆ ತಗೊಂಡಿದ್ದು ಹೌದು, ಹೆಂಡದಂಗಡಿ ಕತೆ ಕಟ್ಟುಕತೆ. ಅಷ್ಟು ದೂರ ಜರ್ಮನಿಗೆ ಹೋಗೋದ್ಯಾಕೆ, ಕಿಟ್ಟೆಲ್ ಇಲ್ವಾ? ಡಿಕ್ಷನರಿ ಕಿಟ್ಟೆಲ್ ಎಲ್ಲರಿಗೂ ಗೊತ್ತು, ಅದಕ್ಕೂ ಎಷ್ಟೋ ಮುಂಚೆ 1862ರಲ್ಲಿ ‘ಕಥಾಮಾಲೆ’ ಅಂತ ಯೇಸುವಿನ ಚರಿತ್ರೆಯನ್ನ ನಮ್ಮ ಕಾವ್ಯಗಳ ಛಂದಸ್ಸಲ್ಲಿ ಬರೆದ ಮನುಷ್ಯ ಅವರು. ಪರರ ಪದ್ಯದ ಮಟ್ಟಿನಲ್ಲಿ ಸ್ವಾಮಿಯ ಕಥೆ ಹೇಳಬಹುದಾದ್ರೆ ಪರರ ಗಿಟಾರಲ್ಲಿ ಯಾಕಾಗಬಾರ್ದು, ಇದು ನನ್ನ ವಾದ, ಇದಕ್ಕೆ ಇವತ್ತಿನ ತನಕ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ, ‘ಅದು ಬೇರೆ’ ಅಂತಾರೆ.

ಸ್ಟ್ರೈಪರ್ ಕತೆ ಹೇಳದೇ ಮುಂದೆ ಹೋಗೋಕಾಗಲ್ಲ. ಕ್ಯಾಲಿಫೋರ್ನಿಯಾದ ನಾಲ್ಕು ಹುಡುಗ್ರು, ಮೈಕಲ್ ಸ್ವೀಟ್, ರಾಬರ್ಟ್ ಸ್ವೀಟ್ ಅಣ್ಣ ತಮ್ಮ, ಜೊತೆಗೆ ಆಝ್ ಫಾಕ್ಸ್, ಟಿಮ್ ಗೇನ್ಸ್. ಅಡಿಯಿಂದ ಮುಡಿತನಕ ಹಳದಿ ಕಪ್ಪು ಪಟ್ಟೆ, ಗಿಟಾರಿಗೂ ಪಟ್ಟೆ, ಡ್ರಮ್ಮಿಗೂ ಪಟ್ಟೆ, ಆ ಪಟ್ಟೆ ಯಾಕಂದ್ರೆ ಬೈಬಲ್ಲಿನ ಯೆಶಾಯ 53:5, ಆತನಿಗೆ ಬಿದ್ದ ಬಾಸುಂಡೆಗಳಿಂದ ನಮಗೆ ಗುಣವಾಯ್ತು ಅನ್ನೋ ವಚನ, ಇಂಗ್ಲಿಷ್ ಬೈಬಲ್ಲಲ್ಲಿ ಬಾಸುಂಡೆಗೆ ‘ಸ್ಟ್ರೈಪ್ಸ್’ ಅಂತಿದೆ, ಪಟ್ಟೆಗೂ ಅದೇ ಮಾತು. ತಲೆಗೂದಲು ಮಾತ್ರ ಯಾವ ಬ್ಯೂಟಿ ಪಾರ್ಲರಿನ ಬೋರ್ಡಿಗೂ ಕಮ್ಮಿ ಇಲ್ಲ. ಶೋ ನಡೀತಿರೋವಾಗ ಜನರ ಮೇಲೆ ಬೈಬಲ್ಲಿನ ಹೊಸ ಒಡಂಬಡಿಕೆ ಪುಸ್ತಕ ಎಸೀತಿದ್ರು, ಕೈಗೆ ಕೊಡೋದಲ್ಲ, ಎಸೆಯೋದು. 1986ರಲ್ಲಿ ಅವರ ‘ಟು ಹೆಲ್ ವಿತ್ ದ ಡೆವಿಲ್’ ಬಂತು, ಹತ್ತು ಲಕ್ಷ ಪ್ರತಿಗೂ ಮೀರಿ ಮಾರಾಟ ಆಯ್ತು. ಹೆಸರಲ್ಲೇ ಸೈತಾನ ಹಾಳಾಗಿ ಹೋಗ್ಲಿ ಅಂತಿದೆ, ಅದಕ್ಕಿಂತ ಬಿಡಿಸಿ ಹೇಳೋಕಾಗುತ್ತಾ? ಆದ್ರೂ ಜನಕ್ಕೆ ಕಂಡಿದ್ದು ‘ಹೆಲ್’, ‘ಡೆವಿಲ್’ ಎರಡೇ.

ಇದ್ರಲ್ಲಿ ಮಜಾ ಏನಂದ್ರೆ ಆ ಅಣ್ಣತಮ್ಮಂದಿರು ಹುಡುಗರಾಗಿದ್ದಾಗ ನಂಬಿಕೆಗೆ ಬಂದಿದ್ದು ಜಿಮ್ಮಿ ಸ್ವ್ಯಾಗರ್ಟ್ ಅನ್ನೋ ಟೀವಿ ಬೋಧಕನ ಪ್ರೋಗ್ರಾಮ್ ನೋಡಿ. ಅದೇ ಸ್ವ್ಯಾಗರ್ಟ್ ಮುಂದೆ ಕ್ರಿಶ್ಚಿಯನ್ ರಾಕ್ ಅಂದ್ರೆ ಕುರಿ ಚರ್ಮ ಹೊದ್ದ ತೋಳ ಅಂತ ಒಂದು ಪುಸ್ತಕಾನೇ ಬರೆದ, ಇವರನ್ನೂ ಬಿಡ್ಲಿಲ್ಲ. ಆತ ಯಾರು ಅಂದ್ರೆ ಪಿಯಾನೋಗೆ ಬೆಂಕಿ ಹಚ್ಚಿದ ಅಂತ ಕತೆ ಇರೋ ರಾಕ್ ಅಂಡ್ ರೋಲ್ ಹಾಡುಗಾರ ಜೆರ್ರಿ ಲೀ ಲೂಯಿಸ್‌ನ ಸ್ವಂತ ಕಸಿನ್, ತಾನೂ ಅದೇ ಶೈಲೀಲಿ ಪಿಯಾನೋ ಬಾರಿಸ್ತಿದ್ದೋನು. 1988ರ ಫೆಬ್ರವರಿಯಲ್ಲಿ ವೇಶ್ಯೆ ಹತ್ರ ಹೋದ ವಿಷಯ ಬಯಲಾಗಿ ಅದೇ ಟೀವಿ ಮುಂದೆ ಗಳಗಳ ಅತ್ತ. ಸ್ಟ್ರೈಪರ್ ಮಾತ್ರ ಒಡೆದು, ಮತ್ತೆ ಸೇರಿ, ಇನ್ನೂ ಹಾಡ್ತಿದೆ. ನಾನು ಯಾರನ್ನೂ ಹಂಗಿಸ್ತಿಲ್ಲ. ಸರಿ, ಸ್ವಲ್ಪ ಹಂಗಿಸ್ತಿದೀನಿ.

ಈಗ ಆ ಕಡೆಯೋರು, ಮೆಟಲ್ ಗೆಳೆಯರು. ಇವರ ಪ್ರಶ್ನೆ ‘ಕ್ರಿಶ್ಚಿಯನ್ ಮೆಟಲ್ಲಾ? ಏನ್ ಜೋಕಾ?’ ಇವರ ಪ್ರಕಾರ ಮೆಟಲ್ ಅಂದ್ರೆ ದೇವರ ವಿರುದ್ಧ ದಂಗೆ, ಭಕ್ತಿ ಬಂದ್ರೆ ಮೆಟಲ್ ಸತ್ತಂಗೆ. ಒಬ್ಬ ಮಹಾಶಯ 2012ರಲ್ಲಿ ಬೆಂಗಳೂರಿಗೆ ಸ್ಲೇಯರ್ ಬ್ಯಾಂಡ್ ಬಂದಾಗ ಮುಂದಿನ ಸಾಲಲ್ಲಿ ನಿಂತು ತಲೆ ಆಡಿಸಿ ಬಂದೋನು, ಆಮೇಲೆ ಎರಡು ದಿನ ಕುತ್ತಿಗೆ ತಿರುಗಿಸೋಕಾಗದೆ ಆಫೀಸಲ್ಲಿ ಕೂತಿದ್ದ, ಅವನಿಗೆ ಸ್ಲೇಯರ್‌ನ ಹಾಡುಗಾರ ಟಾಮ್ ಅರಾಯ ಕ್ಯಾಥೊಲಿಕ್, ನಂಬಿಕೆ ಇರೋ ಮನುಷ್ಯ ಅಂತ ಹೇಳಿದಾಗ ನಾನೇ ಅವನ ದುಡ್ಡು ಕದ್ದಿರೋ ಥರ ನೋಡಿದ. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡ್ ಬಾರಿಸಿದಾಗ ಡ್ರಮ್ಸ್ ಹಿಂದೆ ಕೂತಿದ್ದ ನಿಕೋ ಮೆಕ್‌ಬ್ರೇನ್ 1999ರಿಂದ ವಿಶ್ವಾಸಿ. ಸೈತಾನನ ಸಂಖ್ಯೆ ಅಂತಾರಲ್ಲ 666, ಅದರ ಮೇಲಿನ ಆ ಬ್ಯಾಂಡಿನ ಹಾಡಿಗೆ ಅಮೆರಿಕದಲ್ಲಿ ರೆಕಾರ್ಡು ಸುಟ್ಟಿದ್ರು, ಆ ಸಂಖ್ಯೆ ಅವರೇನು ಸ್ವಂತ ಕಂಡುಹಿಡಿದಿದ್ದಾ, ಬೈಬಲ್ಲಲ್ಲಿ ಪ್ರಕಟನೆ 13:18 ತೆಗೆದು ನೋಡಿ. ಇನ್ನು ಮೆಟಲ್ಲಿನ ಮೂಲಪುರುಷರು ಬ್ಲ್ಯಾಕ್ ಸಬ್ಬತ್, ಅವರ 1971ರ ‘ಆಫ್ಟರ್ ಫಾರೆವರ್’ ಹಾಡು ಕೇಳಿ, ಕ್ಯಾಥೊಲಿಕ್ ಮನೇಲಿ ಬೆಳೆದ ಗೀಜರ್ ಬಟ್ಲರ್ ಬರೆದಿದ್ದು, ಸತ್ತಮೇಲೆ ನಿನ್ನ ಗತಿ ಏನು ಯೋಚನೆ ಮಾಡಿದೀಯಾ ಅಂತ ನೇರಾ ಸುವಾರ್ತಾ ಕೂಟದ ಬೋಧಕನ ಥರ ಕೇಳುತ್ತೆ ಹಾಡು. ಅವರ ಕೊರಳಲ್ಲಿದ್ದ ದೊಡ್ಡ ದೊಡ್ಡ ಶಿಲುಬೆಗಳನ್ನ ಮೊದಲು ಮಾಡಿಕೊಟ್ಟಿದ್ದು ಆ ಬ್ಯಾಂಡಿನ ಹಾಡುಗಾರ ಆಝಿ ಆಸ್ಬಾರ್ನ್‌ನ ಅಪ್ಪ, ಕಾರ್ಖಾನೇಲಿ ಲೋಹ ಕೆಲಸ ಮಾಡ್ತಿದ್ದ ಮನುಷ್ಯ.

ದಂಗೆ ಅಂದ್ರೆ ದಂಗೆಗೂ ಒಂದು ಉದಾಹರಣೆ ಕೊಡ್ತೀನಿ. 90ರ ದಶಕದ ಶುರುವಿನಲ್ಲಿ ನಾರ್ವೆಯ ಬ್ಲ್ಯಾಕ್ ಮೆಟಲ್ (ಸೈತಾನನ ಹೆಸರು ಹೇಳ್ಕೊಂಡು ಹಾಡೋ ಜಾತಿ) ಹುಡುಗ್ರು ನಿಜವಾಗ್ಲೂ ಚರ್ಚ್ ಸುಡ್ತಿದ್ರು, 1992ರ ಜೂನಲ್ಲಿ ಬೆರ್ಗೆನ್ ಹತ್ರದ ಫಾಂಟಾಫ್ಟ್‌ನ ನೂರಾರು ವರ್ಷದ ಮರದ ಚರ್ಚು ಬೂದಿಯಾಯ್ತು. ಅಂಥಾ ಹೊತ್ತಲ್ಲಿ, 1994ರಲ್ಲಿ, ಆಸ್ಟ್ರೇಲಿಯಾದ ಒಬ್ಬನೇ ಒಬ್ಬ ಡ್ರಮ್ಮರು ಜೇಸನ್ ಶೆರ್ಲಾಕ್, ‘ಹೋರ್ಡ್’ ಅಂತ ಹೆಸರಿಟ್ಕೊಂಡು, ಎಲ್ಲ ವಾದ್ಯ ತಾನೇ ಬಾರಿಸಿ, ಅವರದ್ದೇ ಸದ್ದಲ್ಲಿ ಅವರಿಗೇ ತಿರುಗಿಸಿ ಒಂದು ಆಲ್ಬಮ್ ಬಿಟ್ಟ. ತಲೆಕೆಳಗು ಮಾಡಿದ ಶಿಲುಬೆಯನ್ನ ಮತ್ತೆ ತಲೆಕೆಳಗು ಮಾಡು ಅಂತ ಅದ್ರಲ್ಲಿ ಒಂದು ಹಾಡು. ಬ್ಲ್ಯಾಕ್ ಮೆಟಲ್ ಭಕ್ತರು ಕೆರಳಿ ಕೆಂಡ ಆದ್ರು. ಈಗ ಹೇಳಿ, ದಂಗೆ ಯಾರದ್ದು? ಬೆಂಕಿ ಹಚ್ಚೋರ ಮಧ್ಯೆ ನಿಂತು ಬೆಂಕಿಪೊಟ್ಟಣ ಕಿತ್ಕೊಳ್ಳೋದು ದಂಗೆ ಅಲ್ವಾ? (ನಾನೂ ‘ಅಲ್ವಾ’ ಅಂದೆ, ಇರ್ಲಿ ಬಿಡಿ.)

ಆಫೀಸಲ್ಲಿ ಒಬ್ರು ನಗ್ತಾ ನಗ್ತಾ ಇನ್ನೊಂದು ಕೇಳಿದ್ರು, ಇದು ಕನ್ವರ್ಟ್ ಮಾಡೋಕೆ ಹೊಸ ಟೆಕ್ನಿಕ್ಕಾ ಅಂತ. ಸರ್, ಈ ಸಂಗೀತ ಕೇಳಿಸಿ ನನ್ನ ಸ್ವಂತ ಅಮ್ಮನನ್ನ ಒಂದೇ ರೂಮಲ್ಲಿ ಐದು ನಿಮಿಷ ಕೂರಿಸೋಕೆ ನನ್ನ ಕೈಲಿ ಆಗಿಲ್ಲ.

ಈಗ ಕ್ಯಾರಲ್ಸ್ ರಾತ್ರಿ ವಿಷಯಕ್ಕೆ ಬರ್ತೀನಿ, ಈ ಪ್ರಶ್ನೆ ಬಂದಾಗೆಲ್ಲ ನನಗೆ ನೆನಪಾಗೋದು ಅದೇ. ಡಿಸೆಂಬರು, ಹುಬ್ಬಳ್ಳಿಯ ಚಳಿ, ಒಂದು ಟೆಂಪೋ ಟ್ರಾವೆಲರಲ್ಲಿ ಇಪ್ಪತ್ತು ಚಿಲ್ಲರೆ ಜನ, ಸಾಂತಾ ವೇಷದ ಹುಡುಗ ಸೆಕೆ ಅಂತ ಗಡ್ಡ ಕಿತ್ತು ಜೇಬಲ್ಲಿ ಇಟ್ಕೊಂಡಿದಾನೆ, ಗಿಟಾರಿನ ಒಂದು ತಂತಿ ಮೂರನೇ ಮನೇಲೇ ಹರಿದು ಹೋಗಿದೆ, ಹಂಗಾಗಿ ಟ್ರ್ಯಾಕ್ ಎಲ್ಲ ನನ್ನ ಫೋನಿಂದ ಬ್ಲೂಟೂತ್ ಸ್ಪೀಕರಿಗೆ. ಫೋನು ನನ್ನ ಚಿಕ್ಕಪ್ಪನ ಮಗನ ಕೈಲಿ. ಸಭೆಯ ಹಿರಿಯರೊಬ್ಬರ ಮನೆ, ನಾವು ಮಾಮಾ ಅಂತೀವಿ ಅವರಿಗೆ, ರಾತ್ರಿ ಹನ್ನೊಂದು ದಾಟಿದೆ, ವರಾಂಡದಲ್ಲಿ ನಿಂತು ಹಾಡಿದ್ವಿ, ಅವರು ಪ್ರಾರ್ಥನೆ ಮಾಡಿದ್ರು, ಪ್ರಾರ್ಥನೆ ಅವರದ್ದು ಯಾವಾಗ್ಲೂ ಉದ್ದ, ಊರು ಕೇರಿ ಮಿಲಿಟರಿ ಮುಖ್ಯಮಂತ್ರಿ ಎಲ್ಲರೂ ಬರ್ತಾರೆ. ಆಮೆನ್ ಅಂದ್ರು. ಪ್ಲೇಟಲ್ಲಿ ಕರ್ಚಿಕಾಯಿ, ಚಕ್ಕುಲಿ, ಕೇಕು ಬಂತು. ನನ್ನ ತಮ್ಮ ಮುಂದಿನ ಮನೆಗೆ ಟ್ರ್ಯಾಕ್ ರೆಡಿ ಮಾಡೋಕೆ ಹೋಗಿ ಏನೋ ಒತ್ತಿದ. ಫುಲ್ ವಾಲ್ಯೂಮಲ್ಲಿ ವೆಂಜನ್ಸ್ ರೈಸಿಂಗ್.

ಲಾಸ್ ಏಂಜಲಿಸ್ ಕಡೆಯ ಬ್ಯಾಂಡು, 1988ರ ಆಲ್ಬಮ್ಮು, ಥ್ರ್ಯಾಶ್, ಅಂದ್ರೆ ಮೆಟಲ್ಲಲ್ಲೇ ಭಾರೀ ವೇಗದ ಜಾತಿ. ರಾಜರ್ ಮಾರ್ಟಿನೆಜ್ ಅಂತ ಹಾಡುಗಾರ, ಆತನ ಗಂಟಲು ಹೆಂಗಿತ್ತು ಅಂದ್ರೆ ಮಾಮಾನ ಕೈಯಲ್ಲಿದ್ದ ಚಹಾ ಕಪ್ಪು ಸಾಸರಿನ ಮೇಲೆ ಟಕಟಕ ಅಂತು. ಒಳಗೆ ನಾಯಿ ಬೊಗಳೋಕೆ ಶುರು.

"ಏನವಾ ಇದು? ಯಾರನ್ನರೆ ಕೊಲ್ಲಾಕತ್ತಾರೇನು?"

"ಹಾಡ್ರಿ ಮಾಮಾ. ಯೇಸುಸ್ವಾಮೀದ ಐತ್ರಿ."

ಮಾಮಾ ಫೋನ್ ಇಸ್ಕೊಂಡ್ರು. ಕನ್ನಡಕ ಹಣೆಗೇರಿಸಿ ಸ್ಕ್ರೀನ್ ಹತ್ರ ತಂದು ಓದಿದ್ರು. ಹಾಡಿನ ಹೆಸರು ‘ಹ್ಯೂಮನ್ ಸ್ಯಾಕ್ರಿಫೈಸ್’. ಕವರ್ ಮೇಲೆ ಮೊಳೆ ಹೊಡೆದ ಕೈ. ಹಾಡಿನೋರೆಲ್ಲ ಒಬ್ಬೊಬ್ಬರೇ ಚಪ್ಪಲಿ ಹುಡುಕೋ ನೆಪದಲ್ಲಿ ಗೇಟಿನ ಕಡೆ ಜರುಗಿದ್ರು, ಸಾಂತಾ ಮಾತ್ರ ಕೇಕು ತಿಂತಾ ನಿಂತಿದ್ದ.

"ನರಬಲಿ ಅಂತ ಹೆಸರಿಟ್ಟಾರ, ಯೇಸುಸ್ವಾಮೀದಂತ! ಏನ ಅಂತಾನ ಇವ, ಓದಿ ಹೇಳು ನೋಡೋಣು."

ಓದಿ ಹೇಳಿದೆ, ಕನ್ನಡದಲ್ಲಿ, ನಿಂತಲ್ಲೇ. ಏನಿದೆ ಅದ್ರಲ್ಲಿ, ನರಬಲಿ ನಂಬ್ತೀಯಾ ಅಂತ ಶುರು, ನಮಗೋಸ್ಕರ ಆದ ಒಂದೇ ಬಲಿ ಯೇಸುವಿಂದು ಅಂತ ಮುಂದೆ. ಗುಡ್ ಫ್ರೈಡೇ ದಿನ ಇದೇ ಮಾಮಾ ಮೂರು ತಾಸಿನ ಆರಾಧನೇಲಿ ಕಣ್ಣೀರು ಒರೆಸ್ಕೋತಾ ಹಾಡೋದೂ ಇದನ್ನೇ. ಅವರೂ ನಾಕು ಸಲ ತಲೆ ಆಡಿಸಿದ್ರು, ಮೆಟಲ್ ಥರ ಅಲ್ಲ, ಹಿರಿಯರ ಥರ.

"ಮಾತೇನೋ ಖರೇ ಅದಾವು. ಹಿಂಗ ಒದರೂದು ಯಾಕ?"

"ಶಿಲುಬೆ ಮ್ಯಾಲೆ ಸ್ವಾಮೀನೂ ಒದರಿದ್ದರಲ್ರಿ ಮಾಮಾ, ‘ನನ್ನ ದೇವರೇ, ನನ್ನ ದೇವರೇ’ ಅಂತ. ಮಹಾ ಧ್ವನಿಯಿಂದ ಕೂಗಿದನು ಅಂತ ಬರದೈತಲ್ರಿ."

ಇದಕ್ಕೆ ಮಾಮಾ ಏನೂ ಅನ್ಲಿಲ್ಲ. ಗೆದ್ದೆ ಅಂದ್ಕೊಂಡೆ, ಫೋನ್ ಇಸ್ಕೊಳ್ಳೋಕೆ ಕೈ ಚಾಚಿದೆ. ಆವಾಗ ಕೇಳಿದ್ರು ನೋಡಿ, ಏನೂ ಕುಹಕ ಇಲ್ಲದೆ, ನಿಜವಾಗ್ಲೂ ತಿಳ್ಕೊಳ್ಳೋಕೆ,

"ಈ ಹುಡುಗ ಈಗ ಎಲ್ಲಿ ಸೇವಾ ಮಾಡಾಕತ್ತಾನ?"

"ಬಿಟ್ಟಾನ್ರಿ."

"ಹಾಡೂದು ಬಿಟ್ಟಾನ?"

"ನಂಬಿಕೀನ ಬಿಟ್ಟಾನ್ರಿ. ದೇವರಿಲ್ಲ ಅಂತಾನ."

ಚಹಾ ಅಲ್ಲಿಗೇ ಆರಿತು. ಮಾಮಾ "ನೋಡಿದೇನ್ವಾ" ಅಂದ್ರು, ಆ ಸಂಗೀತದ ಫಲ ಇದು ಅಂದ್ರು, ಆಮೇಲೆ ನನ್ನ ಹೆಸರು ಹಿಡಿದು ಇನ್ನೊಂದು ಪ್ರಾರ್ಥನೆ ಆಯ್ತು, ಟೆಂಪೋದೋನು ಹಾರ್ನ್ ಹೊಡೀತಿದ್ದ. ‘ಸಂಗೀತದ ಫಲ’ ಅನ್ನೋದಕ್ಕೆ ನನ್ನ ಹತ್ರ ಉತ್ತರ ಇತ್ತು, ಸ್ವ್ಯಾಗರ್ಟ್ ಏನು ಥ್ರ್ಯಾಶ್ ಕೇಳಿ ಕೆಟ್ಟಿದ್ನಾ, ಒಂದು ಗಿಟಾರೂ ಮುಟ್ಟದೆ ನಂಬಿಕೆ ಬಿಟ್ಟೋರು ನಮ್ಮ ಸಭೇಲೇ ಎಷ್ಟು ಜನ ಇಲ್ಲ. ಆದ್ರೆ ಮಾಮಾ ಅದಕ್ಕೆ ಮುಂಚೆ ಕೇಳಿದ್ದಿತ್ತಲ್ಲ, ಹಾಡಿದೋನು ಈಗ ಎಲ್ಲಿದಾನೆ ಅಂತ, ಎಲ್ಲರೂ ಕೇಳಬೇಕಾಗಿದ್ದಿದ್ದು ಅದು. ಸೈತಾನ, ಕೊಂಬು, ಪ್ರತಿ ಮಧ್ಯಮ ಎಲ್ಲ ಟೈಮ್ ವೇಸ್ಟು. ಹಾಡು ನಂಬಿಕೆಯದ್ದು, ಹಾಡಿದೋನ ನಂಬಿಕೆ ಹೋಗಿದೆ, ಈಗ ಆ ಹಾಡಿನ ಕತೆ ಏನು, ನೀನು ಅದನ್ನ ಯಾವ ಮುಖ ಇಟ್ಕೊಂಡು ಕೇಳ್ತೀಯಾ ಅಂತ ಕೇಳಿ, ಆವಾಗ ನನಗೆ ನಿಜವಾಗ್ಲೂ ಬೆವರು ಬರುತ್ತೆ.

ಮಾರ್ಟಿನೆಜ್ ಅಂದ್ರೆ ಸುಮ್ನೆ ಹಾಡುಗಾರ ಅಲ್ಲ, ಪಾಸ್ಟರು. ಉದ್ದ ಕೂದಲಿನೋರನ್ನ ಚರ್ಚುಗಳು ಒಳಗೆ ಬಿಟ್ಕೊಳ್ತಿಲ್ಲ ಅಂತ ಬಾಬ್ ಬೀಮನ್ ಅನ್ನೋರು 80ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಸ್ಯಾಂಕ್ಚುರಿ’ ಅಂತ ರಾಕ್ ಜನಕ್ಕಾಗೇ ಒಂದು ಸಭೆ ಶುರು ಮಾಡಿದ್ರು, ಅದ್ರಲ್ಲಿ ಪಾಸ್ಟರ್ ಕೆಲಸ ಮಾಡಿದ ಮನುಷ್ಯ. ಎರಡನೇ ಆಲ್ಬಮ್ ಆದಮೇಲೆ ಬ್ಯಾಂಡು ಒಡೀತು, ಉಳಿದೋರು ಹೊರಗೆ ಹೋದ್ರು, ಈತ ಹೊಸಬರನ್ನ ಹಾಕ್ಕೊಂಡು ಸ್ವಲ್ಪ ದಿನ ಎಳೆದ, ಆಮೇಲೆ ನಂಬಿಕೆಯನ್ನ ಬಹಿರಂಗವಾಗಿ ಬಿಟ್ಟ, ಬಿಟ್ಟಿದ್ದಷ್ಟೇ ಅಲ್ಲ, ಅದರ ವಿರುದ್ಧ ನಿಂತ. ಆದ್ರೆ 1988ರಲ್ಲಿ ಆ ಗಂಟಲಲ್ಲಿ ಬಂದಿದ್ದು ನಾಟಕ ಅಂತ ನನಗೆ ಅನಿಸಲ್ಲ. ಈಗ್ಲೂ ಕೇಳ್ತೀನಿ.

ಇನ್ನೊಬ್ಬಂದು ಹಂಗಲ್ಲ. ಸ್ಯಾನ್ ಡಿಯೆಗೋದ ‘ಆ್ಯಸ್ ಐ ಲೇ ಡೈಯಿಂಗ್’, ಮೆಟಲ್‌ಕೋರ್ ಕೇಳೋರಿಗೆಲ್ಲ ಗೊತ್ತು, 2007ರಲ್ಲಿ ಅವರ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟೀಲಿ ಎಂಟನೇ ಜಾಗಕ್ಕೇ ಬಂದು ಕೂತಿತ್ತು, ಗ್ರ್ಯಾಮಿಗೂ ಹೆಸರು ಹೋಗಿತ್ತು. ಬೆಂಗಳೂರಿಗೆ ಹೊಸದಾಗಿ ಬಂದ ದಿನಗಳಲ್ಲಿ ಬಸ್ಸಲ್ಲಿ ಹೋಗ್ತಾ ಬರ್ತಾ ನನ್ನ ಜೊತೆ ಇದ್ದಿದ್ದು ಆ ಆಲ್ಬಮ್ಮು. 2013ರ ಮೇ ತಿಂಗಳಲ್ಲಿ ಆ ಬ್ಯಾಂಡಿನ ಹಾಡುಗಾರ ಟಿಮ್ ಲ್ಯಾಂಬೆಸಿಸ್‌ನನ್ನ ಪೊಲೀಸರು ಹಿಡಿದ್ರು. ಡೈವೋರ್ಸಿಗೆ ಹಾಕಿದ್ದ ಹೆಂಡತೀನ ಕೊಲ್ಲಿಸೋಕೆ ಸುಪಾರಿ ಕೊಟ್ಟಿದ್ದ, ಸುಪಾರಿ ತಗೊಂಡೋನು ವೇಷ ಮರೆಸಿದ ಪೊಲೀಸು, ಹಂಗಾಗಿ ಆಕೆ ಬದುಕಿದ್ರು. ಮುಂದಿನ ವರ್ಷ ತಪ್ಪೊಪ್ಪಿಕೊಂಡ, ಆರು ವರ್ಷ ಶಿಕ್ಷೆ ಆಯ್ತು. ಜೈಲಿಗೆ ಹೋದ ಹೊತ್ತಲ್ಲಿ ಬಂದ ಸಂದರ್ಶನದಲ್ಲಿ ಆತ ಹೇಳಿದ್ದೇನಂದ್ರೆ, ತನ್ನ ನಂಬಿಕೆ ಹೋಗಿ ಎಷ್ಟೋ ಆಗಿತ್ತು, ಆದ್ರೂ ಕ್ರಿಶ್ಚಿಯನ್ ಬ್ಯಾಂಡ್ ಅನ್ನೋ ಹೆಸರಲ್ಲೇ ವ್ಯಾಪಾರ ನಡೀತಿತ್ತು ಅಂತ.

ವ್ಯಾಪಾರ, ಹೌದು, ಇದರ ಬಗ್ಗೆ ನಮ್ಮೋರು ಮಾತೇ ಆಡಲ್ಲ. ಅಮೆರಿಕದಲ್ಲಿ ಕ್ರಿಶ್ಚಿಯನ್ ಪುಸ್ತಕದಂಗಡಿಗಳು ಅಂತ ಇದ್ವು, ಬೈಬಲ್ಲು, ಬುಕ್‌ಮಾರ್ಕು, ವಚನ ಬರೆದ ಕಾಫಿ ಮಗ್ಗುಗಳ ಪಕ್ಕದಲ್ಲೇ ಥ್ರ್ಯಾಶ್ ಕ್ಯಾಸೆಟ್ಟು. ನಿನಗೆ ಮೆಟಾಲಿಕಾ ಇಷ್ಟನಾ, ಹಾಗಾದ್ರೆ ಅದರ ಬದಲಿಗೆ ಇದನ್ನ ಕೇಳು ಅಂತ ಪಟ್ಟಿ ಮಾಡಿ ಯೂತ್ ಗ್ರೂಪಿನ ಹುಡುಗರಿಗೆ ಹಂಚ್ತಿದ್ರು. ಅಪ್ಪ ಅಮ್ಮಂದಿರ ಕಣ್ಣಲ್ಲಿ ಅದು ಸೇಫ್ ಮಾಲು. ಆ ಕಪಾಟಲ್ಲಿ ಜಾಗ ಬೇಕಂದ್ರೆ ಹಾಡುಗಾರ ವಿಶ್ವಾಸಿ ಆಗಿರ್ಬೇಕು, ಆಗಿದಾನೆ ಅಂತ ಕಾಣಿಸ್ಲೇಬೇಕು, ಇಲ್ಲಾಂದ್ರೆ ಸಂಬಳ ನಿಲ್ಲುತ್ತೆ. ನಂಬಿಕೆ ಏರುಪೇರಾದ ದಿನ ಆತ ಯಾರ ಹತ್ರ ಹೇಳ್ಬೇಕು? ಮೆಟಲ್ಲಲ್ಲಿ ಬೇರೆ ಯಾರಿಗೂ ಈ ಕಾಟ ಇಲ್ಲ, ದೆವ್ವದ ಬಗ್ಗೆ ಹಾಡೋನು ಮನೇಲಿ ನಾಯಿಮರಿ ಸಾಕ್ಕೊಂಡು ತರಕಾರಿ ಬೆಳ್ಕೊಂಡು ಇದ್ರೆ ಯಾರೂ ಮೋಸ ಅನ್ನಲ್ಲ. ಆ ಪಟ್ಟಿಯಿಂದ ಇನ್ನೊಂದು ನಷ್ಟ ಅಂದ್ರೆ ಎಷ್ಟ್ಹೊತ್ತಿಗೂ ಬದಲಿ ಮಾಲೇ ತಯಾರಾಯ್ತು, 80-90ರ ಕ್ರಿಶ್ಚಿಯನ್ ಮೆಟಲ್ಲಲ್ಲಿ ಮುಕ್ಕಾಲು ಪಾಲು ಇನ್ಯಾರದ್ದೋ ನಕಲು, ಪ್ರೀತಿಯಿಂದ್ಲೇ ಹೇಳ್ತಿದೀನಿ. ನಕಲಲ್ಲದ್ದು ಬೇಕಾದ್ರೆ ಇಲಿನಾಯ್‌ನ ‘ಟ್ರಬಲ್’ ಕೇಳಿ, 1984, ಹೆಂಗೆ ನಿಧಾನ, ಹೆಂಗೆ ಭಾರ, ಕೀರ್ತನೆಗಳ ಹೆಸರೇ ಆಲ್ಬಮ್ಮಿಗೆ. ಅವರ ಕಂಪನಿ ಅವರನ್ನ ‘ವೈಟ್ ಮೆಟಲ್’ ಅಂತ ಚೀಟಿ ಅಂಟಿಸಿ ಮಾರ್ತು, ಆ ಚೀಟಿ ಅವರು ಕೇಳಿ ಹಾಕಿಸ್ಕೊಂಡಿದ್ದಲ್ಲ.

ಫಿನ್ಲೆಂಡಿನೋರು ಈ ರಗಳೆನೇ ಇಟ್ಕೊಂಡಿಲ್ಲ. 2006ರಿಂದ ಅಲ್ಲಿನ ಲೂಥರನ್ ಚರ್ಚಲ್ಲಿ ಮೆಟಲ್ ಆರಾಧನೆ ಅಂತ ನಡೀತಾ ಬಂದಿದೆ, ಅದೇ ಹಳೇ ಗೀತಪುಸ್ತಕದ ಹಾಡುಗಳನ್ನ ಮೆಟಲ್ ಬ್ಯಾಂಡು ಬಾರಿಸುತ್ತೆ, ಜನ ಬೆಂಚಲ್ಲಿ ನಿಂತು ಹಾಡ್ತಾರೆ. ಅಲ್ಲಿ ಗಿಟಾರ್ ಬಾರಿಸೋನ ನಂಬಿಕೆ ಯಾರೂ ತೂಕ ಹಾಕಬೇಕಾಗಿಲ್ಲ, ಹಾಡು ಸಭೇದು. ನಮ್ಮ ಚರ್ಚಲ್ಲಿ ಆರ್ಗನ್ ನುಡಿಸೋರ ನಂಬಿಕೆ ಬಗ್ಗೆ ನಾವ್ಯಾರಾದ್ರೂ ವಿಚಾರಿಸಿದೀವಾ?

ಮಾಡಿದೋನ ಯೋಗ್ಯತೆ ನೋಡ್ಬೇಕಾ ಬೇಡ್ವಾ ಅನ್ನೋ ಈ ಜಗಳ ಹಳೇದು. ನಾಲ್ಕನೇ ಶತಮಾನದಲ್ಲಿ ಉತ್ತರ ಆಫ್ರಿಕಾದಲ್ಲಿ ದೊನಾತಿಸ್ಟರು ಅಂತ ಇದ್ರು, ಹಿಂಸೆಗೆ ಹೆದರಿ ಧರ್ಮಗ್ರಂಥ ಒಪ್ಪಿಸಿಬಿಟ್ಟ ಪಾದ್ರಿ ಕೊಟ್ಟ ದೀಕ್ಷಾಸ್ನಾನ ನಡೆಯಲ್ಲ ಅಂತ ಅವರ ವಾದ. ಬಿಷಪ್ ಅಗಸ್ಟಿನ್ ಅದನ್ನ ಒಪ್ಲಿಲ್ಲ, ಕೊಟ್ಟಿದ್ದು ಕ್ರಿಸ್ತ, ಪಾದ್ರಿ ಯೋಗ್ಯತೆ ಮೇಲೆ ಅದು ನಿಂತಿಲ್ಲ ಅಂದ, ಚರ್ಚು ಅಗಸ್ಟಿನ್ ಕಡೆ ನಿಂತ್ಕೊಳ್ತು. ಆ ಲೆಕ್ಕದಲ್ಲಿ ಮಾರ್ಟಿನೆಜ್ ಪಾಸು. ಹಂಗಾದ್ರೆ ಲ್ಯಾಂಬೆಸಿಸ್ಸೂ ಪಾಸಾಗ್ಬೇಕಲ್ಲ? ಮಾಮಾ ಏನಾದ್ರೂ ಬೈಬಲ್ ತೆಗೆದು ದಾವೀದ ರಾಜನ 51ನೇ ಕೀರ್ತನೆ ತೋರಿಸಿದ್ರೆ ನಾನು ಏನಂತಿದ್ದೆ? ಬತ್ಷೆಬೆಗೋಸ್ಕರ ಆಕೆಯ ಗಂಡ ಊರೀಯನನ್ನ ಯುದ್ಧದ ಮುಂಚೂಣಿಗೆ ಹಾಕಿಸಿ ಕೊಲ್ಲಿಸಿದೋನ ಹಾಡು, ಅದೂ ಸುಪಾರಿನೇ, ನಾವು ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸ ಕಾಲದಲ್ಲಿ ಬಾಗಿ ನಿಂತು ಹೇಳಲ್ವಾ?

ಹೇಳ್ತೀವಿ. ಆದ್ರೆ ದಾವೀದ ಅದನ್ನ ಸಿಕ್ಕಿಬಿದ್ದ ಮೇಲೆ, ಅದರ ಬಗ್ಗೆನೇ ಬರೆದಿದ್ದು. ಲ್ಯಾಂಬೆಸಿಸ್ ಇನ್ನೇನೋ ಆಗಿದ್ದಾಗ ನನಗೆ ಮಾರಿದ್ದು. ಇದು ನೆಟ್ಟಗಿರೋ ವಾದನಾ ಇಲ್ಲ ನನ್ನ ಸಿಟ್ಟಿಗೆ ಹಾಕಿದ ಬಟ್ಟೆನಾ ಗೊತ್ತಿಲ್ಲ, ಬತ್ಷೆಬೆಗೆ ಆ ಕೀರ್ತನೆ ಕೇಳಿದಾಗ ಏನನಿಸ್ತಿತ್ತು ಅಂತ ಬೈಬಲ್ಲಲ್ಲಿ ಯಾರೂ ಕೇಳಿಲ್ಲ, ಯಾವ ಅಯ್ನೋರೂ ಪ್ರಸಂಗದಲ್ಲಿ ಹೇಳಿದ್ದು ನಾನು ಕೇಳಿಲ್ಲ. ಲ್ಯಾಂಬೆಸಿಸ್‌ನ ಹೆಂಡತಿ ಜಾಗದಲ್ಲಿ ನಿಂತು ಆ ಬಸ್ಸಿನ ಆಲ್ಬಮ್ ಹಾಕ್ಕೊಂಡ್ರೆ ಎರಡನೇ ಹಾಡು ದಾಟಲ್ಲ ನನಗೆ. ಅವನು ಹೊರಗೆ ಬಂದು ಬ್ಯಾಂಡ್ ಮತ್ತೆ ಸೇರಿ 2019ರಲ್ಲಿ ಹೊಸ ಆಲ್ಬಮ್ ಬಂತು, ಜನ ಕ್ಷಮಿಸಿದ್ರು, ಮೇಲೆ 2024ರಲ್ಲಿ ಬ್ಯಾಂಡಿನೋರು ಒಬ್ಬೊಬ್ಬರಾಗಿ ಬಿಟ್ಟೂ ಹೋದ್ರು. ಕ್ಷಮಿಸೋದು ನನ್ನ ಧರ್ಮದ ಮೊದಲನೇ ಪಾಠ ಅಂತ ನನಗೆ ನೆನಪಿಸೋಕೆ ಬರಬೇಡಿ, ಪ್ಲೇಲಿಸ್ಟು ಮತ್ತು ಕ್ಷಮೆ ಎರಡೂ ಒಂದೇ ಅಲ್ಲ.

ವೆಂಜನ್ಸ್ ರೈಸಿಂಗಿನ ಹಳೇ ಸದಸ್ಯರು ಮಾತ್ರ ಎಷ್ಟೋ ವರ್ಷ ಆದಮೇಲೆ ‘ಒನ್ಸ್ ಡೆಡ್’ ಅಂತ, ಅದು ಅವರ ಎರಡನೇ ಆಲ್ಬಮ್ಮಿನ ಹೆಸರೇ, ಆ ಹೆಸರಲ್ಲಿ ಮತ್ತೆ ಸೇರಿ ಆ ಹಾಡುಗಳನ್ನೇ ಬಾರಿಸಿದ್ರು, ಮಾರ್ಟಿನೆಜ್ ಬದಲು ಬೇರೆಯೋರ ಗಂಟಲು. ಚೆನ್ನಾಗೇ ಹಾಡಿದಾರೆ. ಮೂಲದಷ್ಟು ಚೆನ್ನಾಗಿಲ್ಲ.